ಮಂಚದ ಪಕ್ಕದ ಸ್ಟೂಲು

ಕುಡುಕರ ಸುಳ್ಳು ಹಿಡಿಯುವುದರಲ್ಲಿ ಸುರೇಖಾಳಿಗೆ ಗಂಗಾವತಿಯಲ್ಲಿ ದೊಡ್ಡ ಹೆಸರಿತ್ತು. ಕುಡಿತ ಬಿಡಿಸುವ ಕೇಂದ್ರವೊಂದರಲ್ಲಿ ಅವಳು ಆಪ್ತಸಮಾಲೋಚಕಿ. "ಹಬ್ಬಕ್ಕೊಮ್ಮೆ ಅಷ್ಟ ರೀ" ಎಂದವನ ಮುಖವನ್ನೇ ದಿಟ್ಟಿಸಿ, "ನಿಮ್ಮ ಮನ್ಯಾಗ ದಿನಾ ಮುಂಜಾನಿ ಹಬ್ಬ ಏನು?" ಎಂದು ಕೇಳಿ ಬೆವರಿಳಿಸುತ್ತಿದ್ದಳು. ಆ ಹೆಸರು ಅವಳ ತಲೆಗೂ ಸ್ವಲ್ಪ ಏರಿತ್ತು ಅನ್ನಬೇಕು. ತಲೆಗೇರಲು ಕುಡಿಯಲೇಬೇಕೆಂದೇನೂ ಇಲ್ಲವಲ್ಲ.

ಸಿದ್ದಾಪುರದ ಮುದಿಯಪ್ಪನನ್ನು ಅಲ್ಲಿಗೆ ಕರೆತಂದವಳು ಅವನ ಹೆಂಡತಿ ಮಾಳವ್ವ. ಅವನು ಅಕ್ಕಿ ಗಿರಣಿಯಲ್ಲಿ ಚೀಲ ಹೊರುವ ಹಮಾಲ, ಅವಳು ಕಾಲುವೆ ಕೆಳಗಿನ ಗದ್ದೆಗಳಲ್ಲಿ ಭತ್ತದ ನಾಟಿ ಹಚ್ಚುವವಳು. ಮುಂಜಾನೆ ಮದ್ಯದ ಪಾಕೀಟು ಬಾಯಿಗೆ ಬೀಳದಿದ್ದರೆ ಗಂಡನಿಗೆ ಕೈ ನಡುಗುವುದು, ಗಿರಣಿಯಲ್ಲಿ ಚೀಲದ ಸಮೇತ ಬಿದ್ದದ್ದು, ಹೆಂಡತಿಯ ಮೇಲೆ ಕೈ ಮಾಡಿ ಆಮೇಲೆ ತಾನೇ ಅತ್ತದ್ದು, ಒಂದನ್ನೂ ಬಿಡದೆ ಹೇಳಿದಳು.

"ಹೆಂಗರ ಮಾಡಿ ಇವನ್ನ ಮನಷ್ಯಾನ್ನ ಮಾಡಿ ಕೊಡ್ರಿ ಅಕ್ಕಾರ. ಅಪ್ಪ ಬಂದಾನಂದ್ರ ಮಕ್ಕಳು ಹಿತ್ತಲಕ್ಕ ಓಡ್ತಾವ್ರಿ."

ಸುರೇಖಾ ಕೇಳಬೇಕಾದದ್ದನ್ನೆಲ್ಲ ಕೇಳಿದಳು. ಯಾವಾಗಿನಿಂದ, ಎಷ್ಟು, ಬಿಟ್ಟರೆ ಏನಾಗುತ್ತದೆ, ಫಿಟ್ಸ್ ಬಂದದ್ದುಂಟೇ. ಎಲ್ಲ ಪ್ರಶ್ನೆಗಳೂ ಮುದಿಯಪ್ಪನ ಬಗ್ಗೆಯೇ. ಮಾಳವ್ವ ಅವನ ಹಿಂದೆ ಸೆರಗು ಹೊದ್ದು ನಿಂತು, ಅವನು ತಪ್ಪಿದಲ್ಲೆಲ್ಲ ತಿದ್ದಿದಳು. ಎಂಥ ಹೆಂಡತಿ ಎಂದು ಸುರೇಖಾ ಮನಸ್ಸಿನಲ್ಲೇ ಮೆಚ್ಚಿಕೊಂಡಳು.

ಅಲ್ಲಿರುವುದೆಲ್ಲ ಗಂಡಸರ ಮಂಚ. ಒಳಗೆ ಸೇರಿದವನ ಜೊತೆ ಮನೆಯವರೊಬ್ಬರು ಇರಲೇಬೇಕು. ಅವರಿಗೆ ಮಂಚದ ಪಕ್ಕ ಒಂದು ಸ್ಟೂಲು, ರಾತ್ರಿಗೆ ಒಂದು ಚಾಪೆ. ಗೇಟು ದಾಟುವಂತಿಲ್ಲ. ಈ ಕಟ್ಟುನಿಟ್ಟು ತಂದವಳು ಸುರೇಖಾಳೇ. ಗಂಡನ ಗೋಳು ನೋಡಲಾರದೆ ಎಷ್ಟೋ ಹೆಂಡಂದಿರು ಹೊರಗೆ ಹೋಗಿ ಉಡಿಯಲ್ಲಿ ಪಾಕೀಟು ಮುಚ್ಚಿಟ್ಟುಕೊಂಡು ಬಂದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ನಿಯಮದಲ್ಲಿ ತಪ್ಪೇನೂ ಇರಲಿಲ್ಲ.

ಮೊದಲ ದಿನ ಮಾಳವ್ವ ಚೆನ್ನಾಗಿಯೇ ಇದ್ದಳು. ಮರುದಿನ ಅವಳ ಮುಖ ಬೆವರಿನಿಂದ ತೊಯ್ದಿತ್ತು. ರಾತ್ರಿ ಕಣ್ಣಿಗೆ ಕಣ್ಣು ಹತ್ತಿರಲಿಲ್ಲ. ಗಂಡನಿಗೆ ಗಂಜಿ ಕುಡಿಸಲು ಹೋಗಿ ಅರ್ಧ ಅವನ ಎದೆಯ ಮೇಲೆ ಚೆಲ್ಲಿದಳು. ಸುರೇಖಾ ಅದನ್ನು ನೋಡದೆ ಇರಲಿಲ್ಲ. ನೋಡಿದಳು, ಹತ್ತಿರ ಹೋದಳು, ಹೆಗಲ ಮೇಲೆ ಕೈಯನ್ನೂ ಇಟ್ಟಳು.

"ಗಂಡನ ಪಾಡು ನೋಡಿ ಕೈಕಾಲು ಸೋತಾವ ನಿಮಗ. ಧೈರ್ಯಾ ತಗೋರಿ ಮಾಳವ್ವ."

"ಅದಲ್ರಿ ಅಕ್ಕಾರ..." ಎಂದು ಮಾಳವ್ವ ಬಾಯಿ ತೆರೆದಳು. ಆಚೀಚೆ ಮಂಚಗಳ ಮೇಲಿನ ಗಂಡಸರನ್ನು ಒಮ್ಮೆ ನೋಡಿ ಸೆರಗಿನಿಂದ ಗಂಡನ ಎದೆ ಒರೆಸತೊಡಗಿದಳು.

ಸಂಜೆ ತಾನೇ ಸುರೇಖಾಳ ಕೋಣೆಯ ಬಾಗಿಲಿಗೆ ಬಂದು ನಿಂತಳು. "ಒಂದ್ಸಲ ಊರಿಗೆ ಹೋಗಿ ಬರ್ತೀನ್ರಿ. ಜಲ್ದಿ ಬಂದ್ಬಿಡ್ತೀನಿ."

"ಯಾಕ?"

"ಎಮ್ಮಿ ಹಿಂಡಬೇಕ್ರಿ."

"ಎಮ್ಮಿ ಅತ್ತಿ ನೋಡ್ಕೋತಾಳಂತ ನಿನ್ನೆ ನೀವ ಹೇಳಿದ್ರಲ್ಲ?"

ಮಾಳವ್ವ ತಬ್ಬಿಬ್ಬಾದಳು. ಸುಳ್ಳು ಸಿಕ್ಕಿತು! ಸುರೇಖಾ ಎದ್ದು ಅವಳನ್ನು ವಾರ್ಡಿಗೇ ಕರೆದುಕೊಂಡು ಹೋಗಿ, ಎಲ್ಲರೆದುರು ಅವಳ ಚೀಲ ತೆಗೆಸಿ ನೋಡಿದಳು. ಒಂದು ಬಾಚಣಿಗೆ, ಒಂದು ಸೀರೆ, ಎಲೆಯಡಿಕೆಯ ಸಂಚಿ. "ಪಾಕೀಟು ಈಗಿಲ್ಲ, ಬರೋವಾಗ ಇರ್ತೈತಿ. ಗಂಡ ಉಳೀಬೇಕಂದ್ರ ಇಲ್ಲೇ ಕುಂದರ್ರಿ" ಎಂದಳು. ಮಾಳವ್ವ ಸೀರೆಯನ್ನು ಮತ್ತೆ ಚೀಲಕ್ಕೆ ತುರುಕಿ ಸ್ಟೂಲಿನ ಮೇಲೆ ಕೂತಳು. ಹಟಕ್ಕೆ ಬಿದ್ದ ಹೆಂಗಸನ್ನು ದಾರಿಗೆ ತಂದೆನೆಂದು ಸುರೇಖಾ ಆ ದಿನ ನೆಮ್ಮದಿಯಿಂದ ಮನೆಗೆ ಹೋದಳು.

ಮರುದಿನ ಬೆಳಗ್ಗೆ ಗಂಡನಿಗೆ ಚಹಾ ಕೊಡಲು ಎದ್ದವಳು ಲೋಟದ ಸಮೇತ ಬಿದ್ದಳು. ಹಣೆ ಮಂಚದ ಕಬ್ಬಿಣದ ಕಾಲಿಗೆ ಬಡಿಯಿತು. ಮೈ ಸೆಟೆದು ಒದ್ದಾಡಿತು, ಬಾಯಿಂದ ರಕ್ತ ಬಂತು. ಕೇಂದ್ರದ ಡಾಕ್ಟರ್ ಮುಬಾಶಿರಾ ಓಡಿಬಂದು ಅವಳನ್ನು ಮಗ್ಗುಲಿಗೆ ಹೊರಳಿಸಿ ಇಂಜೆಕ್ಷನ್ ಕೊಟ್ಟರು. ಒದ್ದಾಟ ನಿಂತ ಮೇಲೆ ತಲೆಯೆತ್ತಿ ಕೇಳಿದರು: "ಇವರು ಏನ್ ಕುಡೀತಾರೆ? ಯಾವಾಗ ಬಿಟ್ಟಿದ್ದು?"

"ಇವರು ಪೇಷೆಂಟ್ ಅಲ್ರಿ ಡಾಕ್ಟರ್" ಎಂದಳು ಸುರೇಖಾ.

ಮಂಚದ ಮೇಲೆ ಎದ್ದು ಕೂತಿದ್ದ ಮುದಿಯಪ್ಪ ಅಳುತ್ತಿದ್ದ. "ಸೇಂದಿ ಕುಡೀತಾಳ್ರಿ. ದಿನಾ. ನಾಟಿ ಹಚ್ಚಿ ಬಂದ್ರ ನಡಾ ಹಿಡ್ಕೋತೈತಿ, ಅದಿಲ್ಲಂದ್ರ ನಿದ್ದಿ ಬರಂಗಿಲ್ಲ. ನಮ್ಮ ಓಣ್ಯಾಗ ಹೆಂಗಸರು ಭಾಳ ಮಂದಿ ಕುಡೀತಾರ್ರಿ. ಅದನ್ನ ಕುಡ್ಯೂದು ಅಂತ ಯಾರಂತಾರ್ರೀ?"

ಅದು ಮರದಿಂದ ಇಳಿಸಿದ ಸೇಂದಿಯಾಗಿದ್ದರೆ ಇಷ್ಟಾಗುತ್ತಿರಲಿಲ್ಲವೇನೋ. ಕದ್ದು ಮಾರುವವರು ನೀರಿಗೆ ನಿದ್ದೆಯ ಪುಡಿ ಕಲಸಿ ಕೊಡುವ ಸೇಂದಿ ಅದು. ಒಮ್ಮೆಲೇ ಬಿಟ್ಟರೆ ಮೈ ಹೀಗೆ ತಿರುಗಿ ಬೀಳುತ್ತದೆಂದು ಸುರೇಖಾಳಿಗೆ ಚೆನ್ನಾಗಿ ಗೊತ್ತಿತ್ತು. ಬೇರೆಯವರಿಗೆ ಅದನ್ನೇ ಪಾಠ ಮಾಡಿದವಳು ಅವಳು.

"ಮೊದ್ಲ ಯಾಕ ಹೇಳ್ಲಿಲ್ಲ?" ಎಂದು ಗದರಿಸಿದಳು.

"ನೀವು ನಂದು ಕೇಳಿದ್ರಿ. ಅಕೀದು ಕೇಳಲಿಲ್ಲಲ್ರೀ" ಎಂದ ಮುದಿಯಪ್ಪ.

ಹೆಂಗಸರಿಗೆ ಅಲ್ಲಿ ಮಂಚವಿರಲಿಲ್ಲವಾದ್ದರಿಂದ ಮಾಳವ್ವನನ್ನು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಗುಳಿಗೆ ಕೊಟ್ಟು ನಿಧಾನವಾಗಿ ಬಿಡಿಸಬೇಕು, ಅಲ್ಲಿಯ ತನಕ ಮನೆಗೆ ಕರೆದೊಯ್ಯಬೇಡಿ ಎಂದು ಮುಬಾಶಿರಾ ಮನೆಯವರಿಗೆ ಹೇಳಿ ಕಳಿಸಿದ್ದರು. ಆದರೆ ಎಚ್ಚರ ಬಂದ ಮರುದಿನವೇ ಅತ್ತೆ ಶಿವಲಿಂಗಮ್ಮ ಬಂದು, ಸೊಸೆಗೆ ಗಾಳಿ ಸೋಕಿದೆ ಎಂದು ಮನೆಗೆ ಕರೆದುಕೊಂಡು ಹೋದಳು. ಸೊಸೆ ಕುಡಿದು ಬಿದ್ದಳು ಎನ್ನುವುದಕ್ಕಿಂತ ಗಾಳಿ ಸೋಕಿತು ಎನ್ನುವುದು ಮನೆತನಕ್ಕೆ ಮರ್ಯಾದೆ.

ಮುದಿಯಪ್ಪ ಮಾತ್ರ ಗುಣವಾದ. ಕೇಂದ್ರದವರೆಲ್ಲ ಸುರೇಖಾಳನ್ನು ಹೊಗಳಿದರು. ಅವಳಿಗೋ ಆ ಸಂಜೆಯ ಚೀಲ, ಅದರೊಳಗಿನ ಬಾಚಣಿಗೆ ಮತ್ತೆ ಮತ್ತೆ ನೆನಪಾಗುತ್ತಿದ್ದವು. ಕೊನೆಗೆ ಒಂದು ದಿನ ತಡೆಯಲಾರದೆ ಸಿದ್ದಾಪುರದ ಬಸ್ಸು ಹತ್ತಿದಳು.

ಮುದಿಯಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಟ್ಟೆಯ ಮೇಲೆ ಕೂತಿದ್ದ. ಮಕ್ಕಳು ಅವನ ಪಕ್ಕದಲ್ಲೇ ಆಡುತ್ತಿದ್ದವು. "ಬರ್ರಿ ಬರ್ರಿ ಅಕ್ಕಾರ" ಎಂದು ಚಾಪೆ ಹಾಸಿದ. ಶಿವಲಿಂಗಮ್ಮ ಬಾಗಿಲಿಗೆ ಒರಗಿ ನಿಂತಳು. ಮಾಳವ್ವ ಚಹಾ ತಂದಳು. ತೋಳಿಗೆ ತಾಯಿತ ಕಟ್ಟಿದ್ದರು, ಹಣೆಯ ಗಾಯ ಕಪ್ಪಾಗಿ ಮಾದಿತ್ತು. ಅವಳ ಕೈಯಲ್ಲಿನ ಚಹಾದ ಕಪ್ಪು ಬಸಿಯ ಮೇಲೆ ಗಲಗಲ ಅನ್ನುತ್ತಿತ್ತು.

ಸುರೇಖಾ ಅವಳ ಕೈಯಿಂದ ಕಪ್ಪು ತೆಗೆದುಕೊಂಡಳು. "ಮಾಳವ್ವ, ಈಗೂ ಸೇಂದಿ ಕುಡೀತೀರೇನ್ರಿ?"

ಮಾಳವ್ವ ಅತ್ತೆಯ ಕಡೆ ನೋಡಿದಳು. "ಇಲ್ರಿ. ನಾ ಏನೂ ಕುಡಿಯಂಗಿಲ್ರಿ."

"ನಮ್ಮ ಮನ್ಯಾಗ ಈಗ ಯಾರೂ ಕುಡಿಯಂಗಿಲ್ರಿ ಅಕ್ಕಾರ" ಎಂದ ಮುದಿಯಪ್ಪ, ಹೆಮ್ಮೆಯಿಂದ.

ಕುಡುಕರ ಸುಳ್ಳು ಹಿಡಿಯುವ ಸುರೇಖಾ ಸುಮ್ಮನೆ ಚಹಾ ಕುಡಿದಳು. ಬಸ್ಸಿನ ಹೊತ್ತಾಯಿತೆಂದು ಎದ್ದಾಗ ಮಾಳವ್ವ ರಸ್ತೆಯ ತನಕ ಕಳಿಸಲು ಬಂದಳು. ಮನೆ ಮರೆಯಾದ ಮೇಲೆ ಸುರೇಖಾ ಅವಳ ಕೈ ಹಿಡಿದುಕೊಂಡಳು. "ತಪ್ಪಾತ್ರಿ ನಂದು. ಇನ್ನೂ ಹೊತ್ತು ಮೀರಿಲ್ಲ, ಬರ್ರಿ. ಮಂಚದ ವ್ಯವಸ್ಥಾ ನಾ ಮಾಡ್ತೀನಿ."

"ಈಗ ಹೆಂಗ ಬರ್ಲ್ರಿ? ಬಂದ್ರ ಗಾಳಿ ಅಲ್ಲ ಅಂತ ಊರಿಗೆಲ್ಲಾ ಗೊತ್ತಾಗ್ತೈತಿ." ಮಾಳವ್ವ ಮೆಲ್ಲಗೆ ಕೈ ಬಿಡಿಸಿಕೊಂಡಳು. ಸಿಟ್ಟೇನೂ ಇರಲಿಲ್ಲ ಅವಳ ದನಿಯಲ್ಲಿ. "ಅವತ್ತ ನಿಮ್ಮ ಬಾಗಲಕ್ಕ ಬಂದಿದ್ನಲ್ರಿ ಅಕ್ಕಾರ. ನಿಮಗೇನಾಗೈತಿ ಅಂತ ಕೇಳಿದ್ರ ಹೇಳಿಬಿಡ್ತಿದ್ದೆ. ನೀವು ಚೀಲಾ ನೋಡಿದ್ರಿ."

ಅಷ್ಟರಲ್ಲಿ ಬಸ್ಸು ಬಂತು. "ಹತ್ರಿ, ಇದು ಹೋದ್ರ ಮತ್ತ ಲಗೂನ ಇಲ್ಲ" ಎಂದು ಹೇಳಿ ಮಾಳವ್ವ ಸೆರಗು ಹೊದ್ದುಕೊಂಡು ಮನೆಯ ಕಡೆ ತಿರುಗಿದಳು.