ನಾನೂರರಲ್ಲೇ ನಿಂತ ಮೀಟರ್

ರತ್ನಾಕರನ ಹತ್ತಿರ ಫೋಟೋ ತೆಗೆಸಿಕೊಳ್ಳುವುದೆಂದರೆ ಸಣ್ಣ ಶಿಕ್ಷೆ. ಕೊಚ್ಚಿ ಬಳಿಯ ಕಳಮಶ್ಶೇರಿಯಲ್ಲಿ ಬ್ಯಾಂಕ್ ಮ್ಯಾನೇಜರ್ ಆಗಿದ್ದ ಈ ಮೈಸೂರಿನ ಮನುಷ್ಯನಿಗೆ ಫಿಲ್ಮ್ ಕ್ಯಾಮರಾದ ಹುಚ್ಚು. ಮೊಬೈಲಿನಲ್ಲಿ ತೆಗೆದದ್ದು ಫೋಟೋನೇ ಅಲ್ಲ ಎನ್ನುವ ಜಾತಿ. ಹಾಗಾಗಿ ಆವತ್ತು ತಿರುವನಂತಪುರದ ಬಳಿ ತುಂಬ ಎಂಬ ಊರಿನ ಕಡಲತೀರದಲ್ಲಿ, "ಮೊಬೈಲ್ ಎಲ್ಲ ಒಳಗಿಡಿ, ಮಧ್ಯೆ ಬರ್ಬೇಡಿ" ಎಂದು ಹೆಂಡತಿಗೂ ಮಗಳಿಗೂ ತಾಕೀತು ಮಾಡಿದ್ದ.

ಫೋಟೋ ವೇದವತಿಯವರದು. ಹೆಂಡತಿ ಸುಮಿತ್ರಳ ಚಿಕ್ಕಮ್ಮ, ಅಲ್ಲಿನ ಬಾಹ್ಯಾಕಾಶ ಕೇಂದ್ರದಿಂದ ನಿವೃತ್ತರಾದವರು. ಮೊಣಕಾಲು ಮುಟ್ಟುವ ಬೆಳ್ಳಗಿನ ಕೂದಲು. ಮರುವಾರ ಕೀಮೋ ಶುರು. "ಉದುರೋಕೆ ಮುಂಚೆ, ಕೂದಲು ಬಿಚ್ಕೊಂಡು ಒಂದು ಫೋಟೋ ಬೇಕು ಕಣಪ್ಪಾ" ಎಂದು ಅವರೇ ಬಾಯಿಬಿಟ್ಟು ಕೇಳಿದ್ದರು.

ಬಿಳಿ ಕೂದಲ ಹಿಂದೆ ಆಕಾಶ ಕಪ್ಪಗೆ ಬರಲಿ ಎಂದು ರತ್ನಾಕರ ಲೆನ್ಸಿಗೆ ಕೆಂಪು ಫಿಲ್ಟರ್ ಹಾಕಿದ. ಕಪ್ಪು-ಬಿಳುಪು ಫಿಲ್ಮಿನಲ್ಲಿ ಅದು ನೀಲಿಯನ್ನು ಕಪ್ಪಾಗಿಸುತ್ತದೆ, ಜೊತೆಗೆ ಬೆಳಕಿನ ಬಹುಪಾಲನ್ನೂ ನುಂಗುತ್ತದೆ. ಅವನ ಸ್ವಂತ ಕ್ಯಾಮರಾದಲ್ಲಿ ಬೆಳಕು ಅಳೆಯುವ ಮೀಟರ್ ಲೆನ್ಸಿನ ಹಿಂದೆಯೇ ಇದ್ದದ್ದರಿಂದ ಆ ನಷ್ಟವನ್ನು ಅದೇ ಸರಿದೂಗಿಸುತ್ತಿತ್ತು. ಅಂದು ಜಂಬಕ್ಕೆ ತಂದದ್ದು ಗೆಳೆಯನ ದೊಡ್ಡ ಹಳೇ ಕ್ಯಾಮರಾ. ಮೀಟರ್ ಬೇರೆಯೇ, ಸುಮಿತ್ರಳ ಕೈಯಲ್ಲಿ. ಕೈಯಲ್ಲಿರುವ ಮೀಟರಿಗೆ ಲೆನ್ಸಿನ ಫಿಲ್ಟರ್ ಎಲ್ಲಿ ಕಾಣಬೇಕು? ಫಿಲ್ಮಿನ ವೇಗ ಹೇಳುವ ಅದರ ಡಯಲನ್ನು ನಾನೂರರಿಂದ ಐವತ್ತಕ್ಕೆ ನಾವೇ ಇಳಿಸಬೇಕು, ಆಗ ಅದು ಹೆಚ್ಚು ಬೆಳಕು ಕೇಳುತ್ತದೆ. ರತ್ನಾಕರ ಇಳಿಸಲು ಮರೆತ. ಸುಮಿತ್ರ ಚಿಕ್ಕಮ್ಮನ ಕೆನ್ನೆಯ ಬಳಿ ಮೀಟರ್ ಹಿಡಿದು ಮುಳ್ಳು ತೋರಿಸಿದ್ದನ್ನು ಓದಿ ಹೇಳಿದಳು, ಅವನು ರೋಲ್ ಪೂರಾ ಮುಗಿಸಿದ.

ಕೀಮೋ ಶುರುವಾದ ಮೇಲೆ ಎಡಪ್ಪಳ್ಳಿಯ ಲ್ಯಾಬಿನಿಂದ ಬಂದ ನೆಗೆಟಿವನ್ನು ಕಿಟಕಿಗೆ ಹಿಡಿದರೆ, ಬೆಳಕು ಸಾಲದೆ ಬರೀ ಖಾಲಿ. ಕೂದಲು ಇದ್ದಲ್ಲಿ ಮಸುಕು ಗೀರು, ಮುಖವೇ ಇಲ್ಲ.

"ಮೀಟರ್ ಆಕಾಶಕ್ಕೆ ಹಿಡಿದು ಬೆಳಕು ಜಾಸ್ತಿ ಇದೆ ಅಂತ ಓದಿದ್ಯಾ? ಒಂದು ಕೆಲಸ ನೆಟ್ಟಗೆ ಮಾಡೋಕ್ ಬರಲ್ವಾ ನಿಂಗೆ?" ಎಂದು ಮಗಳ ಎದುರೇ ಕೂಗಾಡಿದ.

"ಇಲ್ಲಾರೀ, ಮುಖದ ಹತ್ರಾನೇ ಹಿಡಿದಿದ್ದೆ" ಎಂದಳು ಸುಮಿತ್ರ. ಅವನ ದನಿ ಏರಿತು. ಆಮೇಲೆ ಅವಳೇ ಚಿಕ್ಕಮ್ಮನಿಗೆ ಫೋನ್ ಮಾಡಿ ಅತ್ತು ಕ್ಷಮೆ ಕೇಳಿದಳು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಪುಣ್ಯಾತ್ಮ ಹೆಂಡತಿಯೇ ಡೊಂಕು ಅಂದ.

ಮೀಟರನ್ನು ಅದರ ಚೀಲಕ್ಕೆ ಹಾಕುವಾಗ ಕಣ್ಣಿಗೆ ಬಿತ್ತು: ಡಯಲ್ ನಾನೂರರಲ್ಲೇ ಇತ್ತು. ಫಿಲ್ಟರ್ ಹಾಕಿ ಡಯಲ್ ಇಳಿಸಲು ಮರೆತವನು ತಾನೇ ಎಂದು ರತ್ನಾಕರನಿಗೆ ಹೊಳೆಯಿತು. ಅತ್ತಿತ್ತ ನೋಡಿ, ಮೆಲ್ಲಗೆ ಅದನ್ನು ಐವತ್ತಕ್ಕೆ ತಿರುಗಿಸಿದ. ತಿರುಗಿಸುವಾಗಲೇ ಛೀ ಎನಿಸಿತು, ಆದರೂ ತಿರುಗಿಸಿದ.

ಅಲ್ಲಿಂದಾಚೆಗೆ ಮಗಳು ಇಂಚರಾಗೆ ಅದೊಂದು ತಮಾಷೆಯಾಯಿತು. ಗಾಜಿನ ಲೋಟವಿರಲಿ, ಚಾರ್ಜರ್ ಇರಲಿ, ಅಮ್ಮನ ಕೈಗೆ ಕೊಟ್ಟರೆ ಕೆಟ್ಟಿತು ಎಂದು ಮಲಯಾಳದಲ್ಲಿ ರೇಗಿಸುವಳು. ಸುಮಿತ್ರ ನಗುತ್ತಿದ್ದಳು. ರತ್ನಾಕರ ಎದ್ದು ಹೊರಗೆ ಹೋಗುತ್ತಿದ್ದ.

ಮತ್ತೆ ತುಂಬಕ್ಕೆ ಹೋದಾಗ ವೇದವತಿಯವರ ತಲೆ ಬೋಳಾಗಿತ್ತು. "ಬಿಡು ಮಗಳೇ, ಕೈತಪ್ಪು ಯಾರಿಗಾಗಲ್ಲ" ಎಂದು ಅವರೇ ಸುಮಿತ್ರಳ ಬೆನ್ನು ಸವರಿದರು. ಅದನ್ನು ನೋಡಲಾಗಲಿಲ್ಲ ರತ್ನಾಕರನಿಗೆ. ಸುಮಿತ್ರ ಒಳಗೆ ಹೋದ ಕೂಡಲೇ ಎಲ್ಲ ಹೇಳಿಬಿಟ್ಟ, ಡಯಲ್ ತಿರುಗಿಸಿದ್ದನ್ನೂ ಸೇರಿಸಿ.

ಅವರು ಬೋಳುತಲೆ ಸವರಿಕೊಂಡರು. "ನನ್ನ ಕೂದಲಿನ ಚಿಂತೆ ನಂಗಿರಲಿ. ಬೈಸ್ಕೊಂಡೋಳು ಅಡುಗೆಮನೇಲಿದಾಳೆ, ಹೋಗು."

ಅಡುಗೆಮನೆಯಲ್ಲಿ ಸುಮಿತ್ರ ಗಂಜಿಗೆ ಉಪ್ಪು ಹಾಕುತ್ತಿದ್ದಳು. ಅವನು ತಡವರಿಸುತ್ತ ಹೇಳಿ ಮುಗಿಸುವವರೆಗೂ ಅವಳು ತಿರುಗಲಿಲ್ಲ.

"ನಂಗ್ಯಾಕೆ ಹೇಳ್ತೀರಿ? ನಾನು ಆಕಾಶಕ್ಕೆ ಹಿಡಿದಿರಲಿಲ್ಲ ಅಂತ ನಂಗೆ ಆವತ್ತೇ ಗೊತ್ತಿತ್ತು. ಹೇಳೋದಿದ್ರೆ ಇಂಚರಾಗೆ ಹೇಳಿ."

ಇಂಚರಾ ಹಾಲಿನಲ್ಲಿ ಮೊಬೈಲ್ ನೋಡುತ್ತ ಕೂತಿದ್ದಳು. "ಎಂದಾ ಅಪ್ಪಾ?" ಎಂದು ಮಲಯಾಳದಲ್ಲೇ ಕೇಳಿದಳು, ಏನಪ್ಪಾ ಅಂತ.

"ಅಜ್ಜಿಯ ಫೋಟೋ ಹಾಳು ಮಾಡಿದ್ದು ಅಮ್ಮ ಅಲ್ಲ. ನಾನು. ಗೊತ್ತಾದ ಮೇಲೂ ಸುಮ್ನಿದ್ದೆ."

ಬೈಯುತ್ತಾಳೆ ಎಂದುಕೊಂಡಿದ್ದ. ಅವಳು ಅವನತ್ತ ನೋಡಲೇ ಇಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮನನ್ನು ನೋಡಿದಳು, ಇಷ್ಟು ದಿನ ರೇಗಿಸಿದ್ದೆಲ್ಲ ನೆನಪಾಗಿ ಅವಳ ಮುಖ ಕೆಂಪೇರಿತು. ತಪ್ಪು ಮಾಡಿದವನು ತಲೆಯೆತ್ತಿ ನಿಂತಿದ್ದ, ಅವನ ಮಾತು ನಂಬಿದ್ದ ಮಗಳು ತಲೆ ತಗ್ಗಿಸಿದಳು.