ನಡುವೆಲ್ಲೋ ತಣ್ಣೀರು

ಬಿಸಿ ಬಂತೋ, ಇಲ್ಲ ಬೆರಳಿಗೆ ಹಾಗನ್ನಿಸಿತೋ — ಅವನು ಸ್ನಾನದ ಗೂಡಿನ ನಲ್ಲಿಯ ಕೆಳಗೆ ಕೈಯಿಟ್ಟು ಎಣಿಸುತ್ತಾನೆ, ಏಳು, ಎಂಟು, ಒಂಬತ್ತಕ್ಕೆ ತಣ್ಣಗೆ, ಹನ್ನೆರಡಕ್ಕೆ ಸುರ್ರೆಂದು ಬಿಸಿ, ಮತ್ತೆ ತಣ್ಣಗೆ, ಹೇಳಬೇಕಾದ್ದನ್ನು ಅರ್ಧ ಹೇಳಿ ಉಗುಳು ನುಂಗುವವನ ಹಾಗೆ ಈ ನಲ್ಲಿ, ಎಂಟೂವರೆಯಾಯಿತು, ಹತ್ತಕ್ಕೆ ಜೀಪು ಬರುತ್ತದೆ, ಅಷ್ಟರೊಳಗೆ ಇದೊಂದು ಸರಿಹೋದರೆ — ಸರಿಹೋದರೆ ಏನು, ಮಾವ ಸೂಟ್‌ಕೇಸು ಬಿಚ್ಚಿ ಅಂಗಿಗಳನ್ನು ಮತ್ತೆ ಕಪಾಟಿನಲ್ಲಿ ಇಡುತ್ತಾರೆಯೇ, ಬಿಸಿನೀರು ಬಂತು ಅಂತ ಯಾರಾದರೂ ಇದ್ದುಬಿಡುತ್ತಾರೆಯೇ, ಆದರೂ ಸರಿಹೋಗಲಿ, ಆಗ ಬಾಯಿ ತೆರೆಯಲು ಏನಾದರೂ ಇರುತ್ತದೆ, ಇರಿ ಮಾವ ಅನ್ನುವುದಕ್ಕೆ ಒಂದು ನೆಪ. ತೆಳು ಹಲಗೆಯ ಆಚೆ ಮಾವ ಅಂಗಿ ಮಡಿಸುವ ಸದ್ದು, ಅಂಗಿ ಮಡಿಸುವುದಕ್ಕೂ ಸದ್ದಿರುತ್ತದೆಂದು ಅವನಿಗೆ ಗೊತ್ತಾದದ್ದು ಈ ಹನ್ನೊಂದು ತಿಂಗಳಲ್ಲಿ, ನಲವತ್ತು ವರ್ಷ ದರ್ಜಿಯಾಗಿದ್ದವರು, ಬಟ್ಟೆಯನ್ನು ಒಮ್ಮೆ ಕೊಡವಿ, ಅಂಗೈಯಿಂದ ಎರಡು ಸಲ ಸವರಿ, ಆಮೇಲೆ ತೋಳುಗಳನ್ನು ಹಿಂದಕ್ಕೆ, ಕಳ್ಳನ ಕೈ ಕಟ್ಟಿದ ಹಾಗೆ ಅಂತ ಒಮ್ಮೆ ಅವರೇ ನಕ್ಕಿದ್ದರು. ಹನ್ನೊಂದು ತಿಂಗಳು, ಚಕ್ರದ ಮೇಲಿನ ಈ ಮನೆಗಾಡಿಯೊಳಗೆ ಇಬ್ಬರು ಗಂಡಸರು, ಒಬ್ಬ ಹೆಂಡತಿಯನ್ನು ಕಳೆದುಕೊಂಡವನು, ಇನ್ನೊಬ್ಬರು ಮಗಳನ್ನು, ಕಳೆದುಕೊಂಡದ್ದು ಒಬ್ಬಳನ್ನೇ, ಆ ಒಬ್ಬಳ ಹೆಸರನ್ನು ಒಬ್ಬರೆದುರು ಇನ್ನೊಬ್ಬರು ಎತ್ತಿದ್ದಿಲ್ಲ, ಉಪ್ಪೆಲ್ಲಿದೆ, ಸಿಲಿಂಡರ್ ಮುಗೀತಾ, ನಾಳೆ ಗಾಳಿ ಜೋರಂತೆ, ಇಷ್ಟರಲ್ಲೇ ದಿನಗಳು ಸಾಗಿದವು. ಒಂದು ತಿಂಗಳಿದ್ದು ಹೋಗ್ತೀನಿ ಅಳಿಯಂದಿರೇ, ನೀವು ಒಬ್ಬರೇ ಆಗ್ತೀರಿ, ಅಂತ ಬಂದವರು.

ಗೀಸರ್ ಕೆಟ್ಟಿಲ್ಲ, ಅದು ಖಚಿತ. ಉದ್ದ ಸೀಟಿನ ಹಲಗೆ ಎತ್ತಿ ನೋಡಿದ್ದಾನೆ, ಉರಿ ನೀಲಿಯಾಗಿದೆ, ಅಲುಗುತ್ತಿಲ್ಲ, ಸಿಲಿಂಡರ್ ಮೊನ್ನೆ ತಾನೇ ಬದಲಾಯಿಸಿದ್ದು, ತೊಳೆಯಲೆಂದು ಗೀಸರನ್ನು ಬರಿದು ಮಾಡಿದಾಗ ತಣ್ಣೀರನ್ನು ಪಕ್ಕದಿಂದ ಹಾಯಿಸುವ ಒಂದು ವಾಲ್ವಿದೆ, ಎಲ್ಲರೂ ಮರೆಯುವುದು ಅದನ್ನೇ, ಅದೂ ಮುಚ್ಚಿದೆ, ಪೈಪಿನಲ್ಲಿ ಗಾಳಿ ಸೇರಿದೆಯೇನೋ ಎಂದು ನಲ್ಲಿಗಳನ್ನೆಲ್ಲ ಬಿಟ್ಟು ಪಂಪು ಕೆಮ್ಮುವುದು ನಿಲ್ಲುವವರೆಗೂ ಕಾದದ್ದಾಯಿತು, ಗೀಸರಿನ ತೊಟ್ಟಿಯೊಳಗೆ ಕಟ್ಟಿದ ಸುಣ್ಣ ಕರಗಲಿ ಎಂದು ನಿನ್ನೆ ವಿನೆಗರ್ ತುಂಬಿಸಿಟ್ಟು ಗಾಡಿಯೆಲ್ಲ ಹುಳಿವಾಸನೆ, ಮಾವ ಮೂಗಿಗೆ ಬಟ್ಟೆ ಹಿಡಿದುಕೊಂಡರೇ ಹೊರತು ಏನೂ ಅನ್ನಲಿಲ್ಲ, ಬೇರೆ ದಿನವಾಗಿದ್ದರೆ ಗೀಸರನ್ನ ಉಪ್ಪಿನಕಾಯಿ ಹಾಕ್ತಿದ್ದೀರಾ ಅಂತ ಕೇಳದೆ ಬಿಡುತ್ತಿದ್ದರೇ. ಅಡುಗೆಯ ನಲ್ಲಿಯಲ್ಲಿ ನೋಡಿದರೆ ಕೈಯಿಡಲಾಗದ ಬಿಸಿ, ಸ್ನಾನದ ಗೂಡಿನಲ್ಲಿ ಈ ಕಣ್ಣಾಮುಚ್ಚಾಲೆ, ಅಡುಗೆಯ ನಲ್ಲಿಯನ್ನು ನಂಬಿಕೊಂಡಲ್ಲವೇ ಅವನು ಅಷ್ಟು ಖಚಿತವಾಗಿ — ಬೇಡ, ಅದು ಈಗ ಬೇಡ. ಅವನಂತೂ ಅವಳು ಹೋದ ಮೇಲೆ ಬಿಸಿನೀರಿನ ಸ್ನಾನ ಬಿಟ್ಟವನು, ಯಾರಿಗೂ ಹೇಳದೆ ತನಗೆ ತಾನೇ ಹಾಕಿಕೊಂಡ ಶಿಕ್ಷೆ, ರಸ್ತೆ ಸರ್ವೆಯ ಕ್ಯಾಂಪಿನ ತೊಟ್ಟಿಯಲ್ಲಿ ನಾಲ್ಕು ತಂಬಿಗೆ ಸುರಿದುಕೊಂಡು ಬರುತ್ತಾನೆ, ಈ ಗೂಡಿನಲ್ಲಿ ನೀರು ಹೇಗೆ ಬೀಳುತ್ತದೆಂದು ಬಲ್ಲವರು ಮಾವ ಒಬ್ಬರೇ. ಕಿಟಕಿಯಲ್ಲಿ ಕ್ಯಾಂಟೀನಿನ ಅಡುಗೆಯಕ್ಕನ ಮುಖ, ಏನಣ್ಣಾ, ಮಾವನ್ನ ಕಳಿಸ್ತಿದ್ದೀರಂತೆ, ಬೇಡವಾದ್ರೆ ನಮಗೆ ಕೊಟ್ಬಿಡಿ, ಕ್ಯಾಂಪಿನೋರ ಪ್ಯಾಂಟಿಗೆಲ್ಲ ಗುಂಡಿ ಹಾಕಿಸ್ಕೋತೀನಿ. ಕಳಿಸ್ತಿಲ್ಲ ಅಕ್ಕ, ಅವರೇ ಹೋಗ್ತಿದ್ದಾರೆ. ಹಾಲು ತಾನಾಗೇ ಉಕ್ಕುತ್ತಾ ಅಣ್ಣಾ, ಕೆಳಗೆ ಉರಿ ಇರ್ಬೇಕಲ್ಲ — ಅಂದವಳು ನಗುತ್ತ ಹೋದಳು, ಅವನು ನಗುವ ಹಾಗೆ ಬಾಯಿ ಮಾಡಿ ಹಲಗೆಯ ಕಡೆ ತಿರುಗಿದ, ಮಾವನಿಗೆ ಕೇಳಿಸಿರುತ್ತದೆ, ಈ ಗಾಡಿಯಲ್ಲಿ ಎಲ್ಲವೂ ಕೇಳಿಸುತ್ತದೆ.

ಉರಿ ಇಟ್ಟವನು ಅವನೇ. ಮೂರು ದಿನದ ಹಿಂದಿನ ಸಂಜೆ, ಅಳತೆ ತಪ್ಪಿತೆಂದು ಇಂಜಿನಿಯರ್ ಹತ್ತು ಜನರೆದುರು ಬೈದಿದ್ದ, ಬಂದು ಕೂತಿದ್ದಾನೆ ಅಷ್ಟೇ, ಮಾವ ಟವೆಲ್ ಸುತ್ತಿಕೊಂಡು, ಕಿವಿಯ ಹಿಂದೆ ಸೋಪಿನ ನೊರೆ, ಹಲ್ಲು ಕಟಕಟ ಅನ್ನುತ್ತಿದ್ದರೂ ನಗುತ್ತ, ಅಳಿಯಂದಿರೇ, ನಿಮ್ಮ ಗೀಸರ್‌ಗೆ ನನ್ನ ಕಂಡ್ರೆ ಆಗಲ್ಲ, ಮೈಗೆಲ್ಲ ಸೋಪು ಹಚ್ಚೋವರೆಗೂ ಕಾದು ಆಮೇಲೆ ಕೈ ಕೊಡುತ್ತೆ. ಅವನು ಎದ್ದು ಅಡುಗೆಯ ನಲ್ಲಿ ತಿರುಗಿಸಿದ, ಹಬೆ ಎದ್ದಿತು, ನೋಡಿ, ಗೀಸರ್ ಸರಿಯಾಗೇ ಇದೆ, ನಿಮ್ಮ ಕೈ ನಡುಗುತ್ತೆ ಮಾವ, ನಲ್ಲಿ ಹದವಾಗಿ ತಿರುಗಲ್ಲ. ಅಲ್ಲಿಗೆ ನಿಲ್ಲಿಸಬಹುದಿತ್ತು. ಮಾತು ಬಾಯಿಗೆ ಬಂದ ಮೇಲೆ ಅದಕ್ಕೆ ಬಾಲವೂ ಇರುತ್ತದಲ್ಲ, ನೀವು ಬರೋವರೆಗೂ ಎಲ್ಲ ಸರಿಯಾಗಿತ್ತು, ಅಂದುಬಿಟ್ಟ. ನೀರಿನ ಬಗ್ಗೆ ಅಂದದ್ದು, ನೀರಿನ ಬಗ್ಗೆ ಮಾತ್ರವೇ ಅಂದದ್ದು, ಮಾವ ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡರು, ಆ ಕೈ ನಡುಗಿತೆಂದೇ ಅಂಗಡಿ ಮುಚ್ಚಿದ್ದು, ಆ ಕೈಗೆ ಸೂಜಿ ಪೋಣಿಸಿಕೊಡುತ್ತಿದ್ದವಳು ಅವಳು, ಹೌದು, ಇರಬಹುದು, ಎಂದಷ್ಟೇ ಅಂದು ಒಳಗೆ ಹೋಗಿ ಬಂದ ನೀರಿನಲ್ಲೇ ನೊರೆ ತೊಳೆದುಕೊಂಡರು, ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ, ಚಿಕ್ಕ ಮಗಳ ಮನೇಲಿ ಮಗುವಿಗೆ ಯೂನಿಫಾರ್ಮ್ ಹೊಲೀಬೇಕಂತೆ, ಒಂದಷ್ಟು ದಿನ ಹೋಗಿರ್ತೀನಿ. ನಡುಗುವ ಕೈಯವರು ಯೂನಿಫಾರ್ಮ್ ಹೊಲಿಯಲು ಹೊರಟಿದ್ದಾರೆ. ಎಷ್ಟು ದಿನ ಎಂದು ಅವನು ಕೇಳಲಿಲ್ಲ, ಕೇಳಿದರೆ ಅವರು ಸುಳ್ಳು ಹೇಳಬೇಕಾಗುತ್ತಿತ್ತು.

ಹಲಗೆಯ ಪಕ್ಕದಿಂದ ಮಾವನ ತಲೆ ಈಗ ಒಳಗೆ ಇಣುಕುತ್ತದೆ, ಮೂರು ದಿನದಲ್ಲಿ ಮೊದಲ ಸಲ ನೀರಿನ ಮಾತೆತ್ತುತ್ತಾರೆ, ಹೊಲಿಗೆ ಎಲ್ಲಿ ಕಿತ್ತಿದೆ ಅಂತ ನಡುವೆ ನಡುವೆ ಹುಡುಕ್ಬಾರ್ದು ಅಳಿಯಂದಿರೇ, ಒಂದು ತುದಿಯಿಂದ ಬೆರಳಾಡಿಸ್ಕೊಂಡು ಬನ್ನಿ, ಅದೇ ಸಿಗುತ್ತೆ — ಹೇಳಿ ಹೋದರು. ಸರಿ, ತುದಿಯಿಂದ. ಗೂಡಿನ ನಲ್ಲಿಯನ್ನು ತೆರೆದೇ ಬಿಟ್ಟು ಬಂದು ಗೀಸರಿನಿಂದ ಹೊರಡುವ ಪೈಪನ್ನು ಮುಟ್ಟುತ್ತಾನೆ, ಚುರ್ ಅನ್ನುತ್ತದೆ, ಮೊಣಕಾಲೂರಿ ಸೀಟಿನ ಕೆಳಗೆ ಬೆರಳಾಡಿಸುತ್ತ, ಅಡುಗೆಯ ಕವಲು, ಇನ್ನೂ ಬಿಸಿ, ಹಾಸಿಗೆಯ ಕೆಳಗೆ, ಅವಳ ಹಳೆಯ ಚಪ್ಪಲಿಯ ಡಬ್ಬಿಯನ್ನು ಸರಿಸಿ, ಬಿಸಿ, ಬಿಸಿ, ಬೆಚ್ಚಗೆ — ಇಲ್ಲಿ ಬೆಚ್ಚಗೆ. ಹೊರಡುವಾಗ ಬಿಸಿ, ತಲುಪುವಾಗ ಬೆಚ್ಚಗೆ, ನಡುವೆಲ್ಲೋ ತಣ್ಣೀರು ಸೇರುತ್ತಿದೆ. ಇಲ್ಲಿ ಇನ್ನೊಂದು ಕವಲಿದೆ, ಗೋಡೆಯನ್ನು ಕೊರೆದು ಹೊರಕ್ಕೆ, ಇದು ಎಲ್ಲಿಗೆ, ಹೊರಗಿನ ಶವರಿಗೆ, ಅವನು ದಿನಾ ಸಂಜೆ ಬೂಟಿನ ಕೆಸರು ತೊಳೆಯುವ ಕೈಶವರಿಗೆ. ಹೊರಗೆ ಓಡಿ ಗಾಡಿಯ ಪಕ್ಕೆಯ ಪುಟ್ಟ ಬಾಗಿಲು ತೆಗೆದರೆ ಎರಡು ನಲ್ಲಿಗಳು, ಕೆಂಪು ಗುರುತಿನದು, ನೀಲಿ ಗುರುತಿನದು, ಎರಡೂ ಅರ್ಧ ತೆರೆದೇ ಇವೆ, ಶವರಿನ ತಲೆಯ ಮೇಲಿನ ಗುಂಡಿ ಮಾತ್ರ ಒತ್ತಿ ನೀರು ನಿಲ್ಲಿಸಿದ್ದು, ಅವನ ಅಭ್ಯಾಸವೇ ಹಾಗೆ, ಒಮ್ಮೆ ಹದ ಕೂಡಿದ ಮೇಲೆ ದಿನಾ ಎರಡು ನಲ್ಲಿ ತಿರುಗಿಸುತ್ತ ಕೂರುವವರು ಯಾರು, ಗುಂಡಿ ಒತ್ತಿದರೆ ಆಯಿತು, ಒಂದು ಹನಿಯೂ ಬೀಳುವುದಿಲ್ಲ. ಹೊರಗೆ ಬೀಳುವುದಿಲ್ಲ, ಎರಡು ನಲ್ಲಿಗಳೂ ಕೂಡುವಲ್ಲಿ ಒಳಗೊಳಗೇ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗುತ್ತದೆ, ಪಂಪು ಜೋರಾದಾಗ ಹೆಚ್ಚು, ನಿಂತಾಗ ಕಡಿಮೆ, ಒಂಬತ್ತಕ್ಕೆ ತಣ್ಣಗೆ, ಹನ್ನೆರಡಕ್ಕೆ ಬಿಸಿ. ಎರಡನ್ನೂ ಮುಚ್ಚಿದ. ಒಳಗೆ ಗೂಡಿನಲ್ಲಿ ಬೀಳುತ್ತಿದ್ದ ನೀರಿನ ಸದ್ದು ಬದಲಾದದ್ದು ಗೋಡೆಯಾಚೆಯಿಂದಲೇ ಕೇಳಿತು. ಐದು ವರ್ಷದಿಂದ ಇದೇ ಗಾಡಿ, ಇದೇ ಬೂಟು, ಇದೇ ಗುಂಡಿ, ಐದು ವರ್ಷದಿಂದ ಹೀಗೇ ಬಿಟ್ಟಿದ್ದೇನೆ, ಹಾಗಾದರೆ ಆಗ ನೀರು ಏಕೆ ಸರಿಯಾಗಿತ್ತು — ಮತ್ತು ಪ್ರಶ್ನೆ ಮುಗಿಯುವ ಮೊದಲೇ ಅವಳು ಕಂಡಳು. ಅವನು ಬೂಟು ತೊಳೆದು ಒಳಗೆ ಬಂದು ಕೂತೊಡನೆ, ರೀ, ಒಂದ್ನಿಮಿಷ ಬಂದೆ, ಎಂದು ಹೊರಗೆ ಹೋಗುತ್ತಿದ್ದಳು, ದಿನಾ, ಮಳೆಯಿದ್ದರೂ, ಬಾಗಿಲಲ್ಲಿ ಮತ್ತೆ ಕಾಣಿಸುವಾಗ ಒದ್ದೆ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತ. ಎಲ್ಲಿಗೆ ಹೋಗಿದ್ದೆ. ಸುಮ್ಮನೆ, ಹೊರಗೆ. ಅವಳಿಗೂ ಒಂದು ಗಳಿಗೆ ಒಂಟಿಯಾಗಿರಬೇಕೆನಿಸುತ್ತದೆ ಎಂದುಕೊಂಡಿದ್ದ, ಅದನ್ನು ಕೆದಕದೆ ಬಿಟ್ಟದ್ದಕ್ಕೆ ತನ್ನ ಬಗ್ಗೆಯೇ ಸ್ವಲ್ಪ ಹೆಮ್ಮೆ ಪಟ್ಟಿದ್ದ. ಮೊದಲ ತಿಂಗಳು ಒಮ್ಮೆ ಹೇಳಿದ್ದಳಲ್ಲ, ರೀ, ಹೊರಗಿನ ನಲ್ಲಿ ಮುಚ್ಚಿ ಅಂತ, ಮುಚ್ಚಿದ್ದೀನಲ್ಲ, ಒಂದು ಹನಿ ಬೀಳ್ತಿದೆಯಾ ನೋಡು ಅಂದಿದ್ದ, ಅವಳು ಬಗ್ಗಿ ನೋಡಿದಳು, ಬೀಳುತ್ತಿರಲಿಲ್ಲ, ಮತ್ತೆಂದೂ ಹೇಳಲಿಲ್ಲ. ಹೇಳುವುದರ ಬದಲು ಹೋಗಿ ಮುಚ್ಚಿ ಬಂದಳು, ಮರುದಿನ ಅವನು ಬರುವ ಮುಂಚೆ ಅದೇ ಹದಕ್ಕೆ ತೆರೆದೂ ಇಟ್ಟಳು, ನಾಲ್ಕು ವರ್ಷ.

ಮಾವ, ನೀರು ಸರಿಯಾಯ್ತು, ಸ್ನಾನ ಮಾಡಿ ಹೊರಡಿ. ಈಗಲೇನಾ, ಎಂದು ಮಾವ ಗೋಡೆಯ ಗಡಿಯಾರ ನೋಡಿದರು, ಆಗಲಿ, ಹೋಗೋ ಮುಂಚೆ ನಿಮ್ಮ ಗೀಸರ್ ಜೊತೆ ರಾಜಿ ಮಾಡ್ಕೊಂಡೇ ಹೋಗೋಣ. ಗೂಡಿನ ಬಾಗಿಲು ಮುಚ್ಚಿತು, ಅವನು ಸೀಟಿನ ತುದಿಯಲ್ಲಿ ಕೂತು ಕೇಳುತ್ತಾನೆ, ನೀರು ಒಂದೇ ಸಮನೆ ಬೀಳುತ್ತಿದೆ, ಅರವತ್ತು, ಎಪ್ಪತ್ತು, ಎಲ್ಲೂ ಮುಗ್ಗರಿಸದೆ, ಎಷ್ಟೋ ದಿನದ ಮೇಲೆ ಮಾವ ಅವಸರವಿಲ್ಲದೆ ಮೈಯುಜ್ಜಿಕೊಳ್ಳುತ್ತಿದ್ದಾರೆ, ಹೊರಬಂದೊಡನೆ ಹೇಳಬೇಕು, ಮೊದಲು ನಲ್ಲಿಯ ವಿಷಯ, ಆಮೇಲೆ ಅವಳ ವಿಷಯ, ಅವಳ ಹೆಸರಿಲ್ಲದೆ ಹೇಳಲಾಗುವುದಿಲ್ಲ, ಹೆಸರೆತ್ತಿದರೆ ಈ ತೆಳು ಹಲಗೆಗಳ ನಡುವೆ ಇಬ್ಬರಲ್ಲಿ ಯಾರು ಮೊದಲು ಅಳುತ್ತಾರೆ, ಅತ್ತರೆ ಮಾವನನ್ನು ಹಿಡಿದುಕೊಳ್ಳಬೇಕು, ಹಿಡಿದುಕೊಳ್ಳುವುದು ಹೇಗೆ, ಭುಜವನ್ನೋ, ಕೈಯನ್ನೋ, ಆ ಕೈಯನ್ನೋ. ನೀರು ನಿಂತಿತು. ಮಾವನ ಮುಖ ಕೆಂಪಗೆ, ಹಿತವಾಗಿ, ಹತ್ತು ವರ್ಷ ಇಳಿದ ಹಾಗೆ, ತಲೆ ಒರೆಸಿಕೊಳ್ಳುತ್ತ, ಚೆನ್ನಾಗಿತ್ತು, ಏನಾಗಿತ್ತು ಅಳಿಯಂದಿರೇ. ಹೊರಗಿನ ಶವರಿನ ನಲ್ಲಿ ತೆರೆದೇ ಇತ್ತು ಮಾವ. ಓ, ಎಂದು ಟವೆಲಿನಿಂದ ಬಲಗೈ ಒರೆಸಿಕೊಂಡರು, ಅಂದ್ರೆ ನನ್ನ ಕೈಯಿಂದ ಅಲ್ಲ. ಅಲ್ಲ. ಮುಂದಿನ ವಾಕ್ಯಕ್ಕಾಗಿ ಅವರು ನಿಂತರು, ನಿಂತದ್ದು ಅವನಿಗೆ ಗೊತ್ತಾಯಿತು, ಟವೆಲನ್ನು ನಾಲ್ಕು ಮಡಿಕೆ ಮಾಡಿದರು, ಸವರಿದರು, ಇನ್ನೂ ನಿಂತರು, ಹೊರಗೆ ಜೀಪು ಹಾರ್ನ್ ಹೊಡೆಯಿತು. ಸೂಟ್‌ಕೇಸನ್ನು ಅವನೇ ಎತ್ತಿಕೊಂಡ. ಮೆಟ್ಟಿಲಿಳಿಯುವಾಗ ಮಾವ ಆಸರೆಗೆ ಅವನ ಭುಜದ ಮೇಲೆ ಕೈಯಿಟ್ಟರು, ಕೈ ನಡುಗುತ್ತಿತ್ತು, ಇನ್ನೂ ಬೆಚ್ಚಗಿತ್ತು, ಹೊತ್ತಿಗೆ ಸರಿಯಾಗಿ ಉಣ್ಣಿ ಅಳಿಯಂದಿರೇ, ಹೂಂ, ಜೀಪಿನ ಬಾಗಿಲು ಮುಚ್ಚಿತು, ಗಾಜಿನೊಳಗಿನಿಂದ ಏನೋ ಅಂದರು, ಕೇಳಿಸಲಿಲ್ಲ, ಅವನು ತಲೆಯಾಡಿಸಿದ, ಧೂಳು, ಧೂಳಿನಾಚೆ ಗಾಡಿಯ ಬಾಗಿಲು, ಬಾಗಿಲಲ್ಲಿ ಒದ್ದೆ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುವ ಅವಳು, ಒದ್ದೆ ಬೆರಳು, ಸೆರಗು, ಒದ್ದೆ ಬೆರಳು —

ಕೆಟ್ಟದ್ದು ನೀವು ಬಂದ ಮೇಲಲ್ಲ ಮಾವ, ಅವಳು ಹೋದ ಮೇಲೆ, ಇರಿ, ಎಂದು ಅವನು ಹೇಳಲಿಲ್ಲ.