ಹೊಳೆವ್ವ ಹೇಳಿದ ಒಡಪು

"ಅಕ್ಕಾರ, ಒಂದೀಟು ನೀರು ಕೊಡ್ರಿ" ಎಂದ ಯಮನಪ್ಪ, ತನ್ನ ಹೆಂಡತಿ ಹೊಳೆವ್ವಳಿಗೆ.

ಬೇಗೂರಿನಲ್ಲಿ ಕಟ್ಟುತ್ತಿದ್ದ ಅಪಾರ್ಟ್‌ಮೆಂಟಿನ ಮೇಲಿಂದ ಬಿದ್ದು ಅವನ ತಲೆಗೆ ಏಟಾಗಿತ್ತು. ಈಗ ನಡೆಯುತ್ತಿದ್ದ, ಉಣ್ಣುತ್ತಿದ್ದ, ಬೀಡಿ ಹಚ್ಚುತ್ತಿದ್ದ. ಹೊಳೆವ್ವ ಯಾರೆಂದು ಮಾತ್ರ ಗೊತ್ತಿರಲಿಲ್ಲ. ಪರ ಹೆಂಗಸೆಂದು ಬಾಡಿಗೆ ಕೋಣೆಯ ಹೊರಗೇ ಮಲಗುತ್ತಿದ್ದ. ಊರು, ಹೊಲ, ಎತ್ತು, ಅತ್ತೆ, ಮಾವ ಎಲ್ಲವನ್ನೂ ಅವಳು ಹೇಳಿ ನೋಡಿದ್ದಳು.

"ನೆನಪು ಒಂದೇ ಕೋಶದಲ್ಲಿ ಇರಲ್ಲಮ್ಮ" ಎಂದರು ಡಾಕ್ಟರ್ ಶೋಭಾರಾಣಿ, ಅವನನ್ನು ಆಸ್ಪತ್ರೆಗೆ ಕರೆತಂದಾಗ. "ಮಿದುಳಲ್ಲಿ ಒಂದು ಗುಂಪು ಕೋಶಗಳು ಸೇರಿ ಹಿಡ್ಕೊಂಡಿರ್ತವೆ. ಸ್ಲ್ಯಾಬ್ ಹಾಕೋವಾಗ ಬಾಂಡ್ಲಿ ಕೈಯಿಂದ ಕೈಗೆ ದಾಟಿಸ್ತೀರಲ್ಲ, ಹಾಗೆ. ನಡುವೆ ಒಬ್ಬಿಬ್ಬರು ಇಲ್ಲದಿದ್ರೂ ಪಕ್ಕದವರು ಕೈ ಚಾಚ್ತಾರೆ. ಆದ್ರೆ ಮೊದಲನೇ ಬಾಂಡ್ಲಿ ಯಾರಾದ್ರೂ ಎತ್ತಿ ಕೊಡ್ಬೇಕು. ಹೆಸರು ಹಿಡಿದು ಕರೀತಿದ್ದೀರ ತಾನೆ?"

"ಯವ್ವಾ! ಗಂಡನ ಹೆಸರು ಹೇಳಬಾರದ್ರಿ."

"ಒಂದ್ಸಲವೂ ಹೇಳಿಲ್ವಾ?"

"ಲಗ್ನದಾಗ ಒಮ್ಮೆ, ಹೆಸರು ಸೇರಿಸಿ ಪದಾ ಕಟ್ಟಿ ಹೇಳೂ ಒಡಪಿನಾಗ. ಹೇಳೂತನಾ ಒಳಗ ಬಿಡಲಿಲ್ರಿ, ಬಾಗಿಲಾ ಹಿಡದು ನಿಂತಿದ್ರು."

"ಅದನ್ನೇ ಹೇಳಿ. ನಾನು ಬೇಕಾದ್ರೆ ಕಿವಿ ಮುಚ್ಕೋತೀನಿ."

ಹೊಳೆವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಕೂತಿದ್ದ ಗಂಡನಿಗೆ ಬೆನ್ನು ಮಾಡಿ, ಗೋಡೆಯ ಕಡೆ ತಿರುಗಿ ಒಂದೇ ಉಸಿರಿಗೆ ಹೇಳಿದಳು:

"ಹೊಲದ ಬದುವಿನಾಗ ಹುಣಸಿಯ ನೆರಳ, ಯಮನಪ್ಪನ ಹೆಸರ ಹೇಳಾಕ ಹಿಡಿತೈತಿ ಕೊರಳ."

ತಿರುಗಿದಳು. ಅವನ ತುಟಿ ಅಲುಗುತ್ತಿತ್ತು.

"ಎಳ್ಳ ಹಚ್ಚಿದ ಸಜ್ಜಿರೊಟ್ಟಿ..." ಎಂದು ನಿಂತ. ಹಣೆಯ ನರ ಉಬ್ಬಿತು. "ಸಜ್ಜಿರೊಟ್ಟಿ... ಹೊಳೆವ್ವ ನನಗಿಂತ ಗಟ್ಟಿ."

ಅದು ಲಗ್ನದಲ್ಲಿ ಅವನು ಹೇಳಿದ್ದ ಒಡಪು. ಅಷ್ಟಕ್ಕೇ ನಿಲ್ಲಲಿಲ್ಲ. "ಎಲ್ಲಾರೂ ನಕ್ಕರು. ನಿನ್ನ ಬಲಗೈ ಬಳಿ ಒಡದಿತ್ತು. ನೀ ಅಳಾಕ ಹತ್ತಿದ್ದಿ."

ಹೊಳೆವ್ವ ತನ್ನ ಬಲಗೈ ನೋಡಿಕೊಂಡಳು. ಬಳೆ ಒಡೆದದ್ದನ್ನು ಅವಳೇ ಮರೆತಿದ್ದಳು. ಒಡಪಿನಲ್ಲಿ ಅದು ಇರಲಿಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ. ಒಡೆದ ಆ ತಲೆಯೊಳಗೆ, ಕಣ್ಣಿಗೆ ಕಾಣದಷ್ಟು ಸಣ್ಣ ಕೂಲಿಯಾಳುಗಳು ಇಷ್ಟು ದಿನ ಕತ್ತಲಲ್ಲಿ ಸಾಲಾಗಿ ಕೈ ಚಾಚಿ ನಿಂತೇ ಇದ್ದರು. ಒಬ್ಬ ಎದ್ದ, ಪಕ್ಕದವನನ್ನು ಎಬ್ಬಿಸಿದ, ಇಡೀ ಮದುವೆ ಮೇಲೆ ಬಂತು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಎಲ್ಲಾ ವಾಪಸ್ ಬರುತ್ತೆ ಅಂತ ಹೇಳಲಾರೆ" ಎಂದರು.

ಎಲ್ಲವೂ ಬರಲೂ ಇಲ್ಲ. ಬಿದ್ದ ದಿನ ಅವನಿಗೆ ಇಂದಿಗೂ ನೆನಪಿಲ್ಲ.

"ಹೊಳೆವ್ವಾ, ನೀರು ಕೊಡ" ಎಂದ ಯಮನಪ್ಪ, ಅಂದು ಸಂಜೆ ಕೋಣೆಗೆ ಮರಳಿದ ಮೇಲೆ.

"ತಡೀರಿ, ತರ್ತೀನಿ" ಎಂದಳು. ಹೆಸರು ಹೇಳಲಿಲ್ಲ.